ಹೊಳೆಯ ಲೆಕ್ಕ, ಹಳ್ಳದ ಲೆಕ್ಕ
ನೆರೆ ಅಂದಾಜಿನ ತರಬೇತಿ: ಹುಲ್ಲಹಳ್ಳಿಯಿಂದ ಒಂದು ನೋಟ

ಹುಲ್ಲಹಳ್ಳಿಯಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ಹೊಳೆ ತುಂಬಿ ಬರುತ್ತದೆ. ನಂಜನಗೂಡು ತಾಲ್ಲೂಕಿಗೆ ವರ್ಷವಿಡೀ ಬೀಳುವ ಮಳೆ 700 ಮಿ.ಮೀ. ಆಸುಪಾಸು. ಕಬಿನಿಯ ನೀರು ಹುಟ್ಟುವ ವಯನಾಡಿನ ವೈತ್ತಿರಿ ಕಡೆ ಅದು 3,000 ಮಿ.ಮೀ. ದಾಟುತ್ತದೆ. ಆಷಾಢದಲ್ಲಿ ಇಲ್ಲಿ ಬರೀ ಗಾಳಿ ಬೀಸುತ್ತಿರುವಾಗ ಅಲ್ಲಿ ನಾಲ್ಕು ದಿನ ಬಿಡದೆ ಹೊಯ್ದರೆ ಸಾಕು, ಬೀಚನಹಳ್ಳಿಯ ಜಲಾಶಯದ ಗೇಟು ಎತ್ತುತ್ತಾರೆ. ಆ ನೀರಿಗೆ ದಾರಿಯಲ್ಲಿ ನುಗು ಸೇರಿಕೊಳ್ಳುತ್ತದೆ. ಕಬಿನಿ ಜಲಾಶಯಕ್ಕಿಂತ ಬಹಳ ಹಿಂದಿನದಾದ ಹುಲ್ಲಹಳ್ಳಿ ಅಣೆಕಟ್ಟೆಯ ಮೇಲೆ ಕೆಂಪು ನೀರು ಹಾಯುತ್ತದೆ. ಮಾರನೆಯ ದಿನದ ಪತ್ರಿಕೆಗಳಲ್ಲಿ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿದ ಫೋಟೊ. ಇನ್ನೂ ಏರಿದರೆ ಮಲ್ಲನಮೂಲೆ ಬಳಿ ಮೈಸೂರು–ಊಟಿ ರಸ್ತೆ ಬಂದ್, ಸುತ್ತೂರಿನ ಸೇತುವೆ ಮೇಲೆ ನೀರು. ಕೊನೆಗೆ ತಿರುಮಕೂಡಲಿನಲ್ಲಿ ಇದೇ ನೀರು ಕನ್ನಂಬಾಡಿಯಿಂದ ಬಿಟ್ಟ ಕಾವೇರಿಗೆ ಎದುರಾಗುತ್ತದೆ. ಎರಡೂ ಒಟ್ಟಿಗೆ ಬಂದ ವರ್ಷ ತಿ. ನರಸೀಪುರದವರಿಗೂ ಅದರ ಕೆಳಗೆ ಕೊಳ್ಳೇಗಾಲದ ದಾಸನಪುರ, ಮುಳ್ಳೂರಿನವರಿಗೂ ನಿದ್ದೆಯಿಲ್ಲ.

ಇದು ಒಂದು ನೆರೆ. ಇನ್ನೊಂದಕ್ಕೆ ಫೋಟೊ ಭಾಗ್ಯ ಕಡಿಮೆ. ಸೆಪ್ಟೆಂಬರ್–ಅಕ್ಟೋಬರಿನ ಒಂದು ಸಂಜೆ ಗುಡುಗಿ ಒಂದೆರಡು ಗಂಟೆ ಸುರಿದು ನಿಲ್ಲುವ ಮಳೆ. ಹೊಳೆ ತಣ್ಣಗಿರುತ್ತದೆ, ಹಳ್ಳ ಬರುತ್ತದೆ. ಕೆರೆ ಕೋಡಿ ಬೀಳುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ, ವರ್ಷದ ಹಿಂದಷ್ಟೇ ಡಾಂಬರು ಕಂಡ ರಸ್ತೆ ಎರಡು ತುಂಡಾಗುತ್ತದೆ. ಮೊದಲನೆಯ ನೆರೆಗೆ ಸಾವಿರಾರು ಚದರ ಕಿ.ಮೀ. ಜಲಾನಯನ, ಎರಡು ರಾಜ್ಯ, ಹಲವು ಅಣೆಕಟ್ಟು. ಎರಡನೆಯದಕ್ಕೆ ನಾಲ್ಕೈದು ಚದರ ಕಿ.ಮೀ. ಹೊಲ, ಒಂದು ಕೆರೆ, ಎರಡು ಸಾಲು ಸಿಮೆಂಟ್ ಪೈಪು. ಎರಡಕ್ಕೂ ಲೆಕ್ಕವಿದೆ, ಲೆಕ್ಕ ಕಲಿಸುವ ಸಂಸ್ಥೆಗಳೂ ನಮ್ಮಲ್ಲಿ ಕಡಿಮೆ ಇಲ್ಲ. ಆದರೂ ಲೆಕ್ಕ ಏಕೆ ತಪ್ಪುತ್ತದೆ? ನನ್ನ ಉತ್ತರ ಇಷ್ಟು: ಪಾಠ ಒಂದು ಕಡೆ ನಡೆಯುತ್ತಿದೆ, ನಿರ್ಧಾರ ಇನ್ನೊಂದು ಕಡೆ ಆಗುತ್ತಿದೆ. ಆ ಪಾಠದಲ್ಲೂ ಕಬಿನಿಯಂಥ ಹೊಳೆಗೆ ಜಾಗ ಕಡಿಮೆ.

ಮೊದಲು ಹೊಳೆ. ಕಬಿನಿ ಜಲಾಶಯ 1974ರಲ್ಲಿ ಮುಗಿಯಿತು. ಪೂರ್ಣ ಮಟ್ಟ 2,284 ಅಡಿ, ಒಟ್ಟು ಸಂಗ್ರಹ 19.52 ಟಿಎಂಸಿ, ಅದಕ್ಕೆ ನೀರು ಕೊಡುವ ಜಲಾನಯನ ಸುಮಾರು 2,142 ಚದರ ಕಿ.ಮೀ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ. ಅಂದರೆ ಆ ಪ್ರಮಾಣದ ಒಳಹರಿವಿದ್ದರೆ ತಳದಿಂದ ಖಾಲಿ ಇದ್ದರೂ ಈ ಜಲಾಶಯ ಎರಡೂಕಾಲು ದಿನದಲ್ಲಿ ತುಂಬುತ್ತದೆ. ವಾಸ್ತವದಲ್ಲಿ ಅದು ಖಾಲಿ ಇರುವುದಿಲ್ಲ. ರಾಜ್ಯದಲ್ಲಿ ಮುಂಗಾರು ಹಿಡಿದ ಕೂಡಲೇ ಬೇಗ ತುಂಬುವ ಜಲಾಶಯಗಳಲ್ಲಿ ಇದೂ ಒಂದು. ತುಂಬಿದ ಮೇಲೆ ಬಂದಷ್ಟನ್ನೂ ಬಿಡಬೇಕು. ಆಗಸ್ಟ್ 2018ರಲ್ಲಿ ಹೊರಹರಿವು 80,000 ಕ್ಯೂಸೆಕ್ ಮಟ್ಟ ಮುಟ್ಟಿತು, 2019ರ ಅದೇ ತಿಂಗಳಲ್ಲಿ ಒಂದು ಲಕ್ಷ ದಾಟಿತು. 2024ರ ಜುಲೈ ಕೊನೆಯಲ್ಲಿ, ವಯನಾಡಿನ ಮುಂಡಕ್ಕೈ–ಚೂರಲ್‌ಮಲದಲ್ಲಿ ಗುಡ್ಡ ಕುಸಿದ ಅದೇ ಮಳೆಗೆ, ಮತ್ತೆ 80,000ದ ಆಸುಪಾಸು. (ಗುಡ್ಡ ಕುಸಿದದ್ದು ಪಶ್ಚಿಮಕ್ಕೆ ಹರಿಯುವ ಚಾಲಿಯಾರ್ ಕೊಳ್ಳದಲ್ಲಿ, ಕಬಿನಿಯಲ್ಲಲ್ಲ. ಆ ವಾರ ಸುದ್ದಿವಾಹಿನಿಗಳು ಎರಡನ್ನೂ ಕಲಸಿ ಉಣಿಸಿದ್ದರಿಂದ ಇದನ್ನು ಹೇಳಬೇಕಾಯಿತು.)

ಇಂಥ ಹೊಳೆಗೆ ನೂರು ವರ್ಷಕ್ಕೊಮ್ಮೆ ಬರಬಹುದಾದ ಪ್ರವಾಹ ಎಷ್ಟು ಎಂದು ಕೇಳಿದರೆ, ಎಂಜಿನಿಯರಿಂಗ್ ಓದಿದ ಯಾರೇ ಆಗಲಿ ಗುಂಬೆಲ್ ವಿಧಾನ ಹಿಡಿಯುತ್ತಾರೆ. ಪ್ರತಿ ವರ್ಷದ ಅತಿ ಹೆಚ್ಚಿನ ಹರಿವನ್ನು ಸಾಲಾಗಿ ಬರೆದು, ಸರಾಸರಿಯನ್ನೂ ಮಾನಕ ವಿಚಲನೆಯನ್ನೂ ತೆಗೆದು, ಗುಂಬೆಲ್ 1941ರಲ್ಲಿ ಕೊಟ್ಟ ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ. ತಿ. ನರಸೀಪುರದಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಅಲ್ಲಿಗೆ ಕಬಿನಿಯ ಜಲಾನಯನ ಸುಮಾರು 7,000 ಚದರ ಕಿ.ಮೀ. ಐದು ದಶಕದ ಅಂಕಿಅಂಶ ಸಿಗುತ್ತದೆ, ಪರೀಕ್ಷೆಗೆ ಹೇಳಿ ಮಾಡಿಸಿದ ಲೆಕ್ಕ. ತೊಡಕು ಇರುವುದು ಅಲ್ಲೇ. ಆ ಸಾಲಿನಲ್ಲಿರುವ ಹರಿವು ಮಳೆ ಕೊಟ್ಟದ್ದು ಮಾತ್ರವಲ್ಲ, ಗೇಟಿನ ಮುಂದೆ ನಿಂತವರು ಬಿಟ್ಟದ್ದೂ ಹೌದು. ಮೇಲೆ ಕೇರಳದ ಬಾಣಾಸುರ ಸಾಗರ, ಕಾರಾಪುಳ. ಕೆಳಗೆ ಕಬಿನಿ, ನುಗು, ತಾರಕ. ಎಲ್ಲಿ ಎಷ್ಟು ಹಿಡಿದರು, ಯಾವ ರಾತ್ರಿ ಎಷ್ಟು ಬಿಟ್ಟರು ಎಂಬುದರ ಮೇಲೆ ಆ ವರ್ಷದ ಗರಿಷ್ಠ ಅಂಕಿ ನಿಲ್ಲುತ್ತದೆ. 2018ರಲ್ಲಿ ಬಾಣಾಸುರ ಸಾಗರದ ಶಟರ್‌ಗಳನ್ನು ಸರಿಯಾಗಿ ಮುನ್ಸೂಚನೆ ಕೊಡದೆ ಎತ್ತಿದರೆಂದು ವಯನಾಡಿನಲ್ಲಿ ದೊಡ್ಡ ವಿವಾದವೇ ಆಯಿತು. ಮನುಷ್ಯರ ತೀರ್ಮಾನ ಬೆರೆತ ಅಂಕಿಗಳನ್ನು ಪ್ರಕೃತಿಯ ಚೀಟಿ ಎತ್ತಿದ ಫಲಿತಾಂಶವೆಂದುಕೊಂಡು ಗುಂಬೆಲ್ ಕೈಗೆ ಕೊಟ್ಟರೆ ಉತ್ತರವೇನೋ ಬರುತ್ತದೆ, ದಶಾಂಶ ಸ್ಥಾನದ ಸಮೇತ. ಅದನ್ನು ಎಷ್ಟು ನಂಬಬೇಕು ಎನ್ನುವುದೇ ಈ ವಿದ್ಯೆಯ ಅರ್ಧ ಪಾಲು. ಜಲಾಶಯದ ಕೆಳಗಿನ ಪ್ರವಾಹವನ್ನು ಅಂದಾಜು ಮಾಡಬೇಕಾದರೆ ಒಳಹರಿವನ್ನು ಬೇರೆಯಾಗಿ ಕಟ್ಟಿಕೊಂಡು, ಅದನ್ನು ಜಲಾಶಯದ ಮೂಲಕ ಹಾಯಿಸಿ, ಗೇಟಿನ ನಿಯಮಗಳನ್ನು ಅದರಲ್ಲಿ ಸೇರಿಸಿ ನೋಡಬೇಕು. ಪದವಿ ತರಗತಿಯಲ್ಲಿ ಇದು ಕೊನೆಯ ಅಧ್ಯಾಯ. ಪಾಠ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ.

ನೂರು ವರ್ಷದ ಪ್ರವಾಹ ಎಂಬ ಮಾತೇ ಅಪಾಯಕಾರಿ. 2018ರಲ್ಲಿ ಬಂತಲ್ಲ, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ನಂಬಿ ಕೂತವರ ಅಂಗಳಕ್ಕೆ 2019ರಲ್ಲಿ ಮತ್ತೆ ನೀರು ಬಂತು. ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ನೂರರಲ್ಲಿ ಒಂದು ಎಂಬುದಷ್ಟೇ ಅದರ ಅರ್ಥ. ಲೆಕ್ಕ ಮುಂದುವರಿಸಿದರೆ, ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಅಂಥದ್ದು ಬರುವ ಸಾಧ್ಯತೆ ಶೇ 26. ಐವತ್ತು ವರ್ಷದ ಪ್ರವಾಹಕ್ಕೆಂದು ಕಟ್ಟಿದ ಸೇತುವೆ ಇಪ್ಪತ್ತೈದು ವರ್ಷದೊಳಗೆ ಅದನ್ನು ಮೀರಿದ ನೀರು ಕಾಣುವ ಸಾಧ್ಯತೆ ಶೇ 40. ಇದನ್ನು ತಹಶೀಲ್ದಾರರಿಗೆ, ಪಂಚಾಯಿತಿ ಅಧ್ಯಕ್ಷರಿಗೆ, ಪತ್ರಕರ್ತರಿಗೆ ತಿಳಿಯುವ ಕನ್ನಡದಲ್ಲಿ ಹೇಳುವುದೂ ಒಂದು ಕೌಶಲ. ಅದಕ್ಕೆ ಯಾವ ಕೋರ್ಸಿನಲ್ಲೂ ಅಂಕವಿಲ್ಲ.

ಇನ್ನು ಹಳ್ಳ. ಇಲ್ಲಿ ಕೊಂಚ ಹೊತ್ತು ನಿಲ್ಲೋಣ. ಹುಲ್ಲಹಳ್ಳಿ ಹೋಬಳಿಯ ಯಾವುದೋ ಊರ ದಾರಿಗೆ ಅಡ್ಡಲಾಗಿ ಒಂದು ಹಳ್ಳವಿದೆ, ಅದಕ್ಕೆ ನೀರು ಕೊಡುವ ನೆಲ ನಾಲ್ಕು ಚದರ ಕಿ.ಮೀ. ಎಂದಿಟ್ಟುಕೊಳ್ಳಿ. ಮೋರಿ ಎಷ್ಟು ಅಗಲ ಬೇಕು? ನಮ್ಮ ಕಡೆಯ ಎಂಜಿನಿಯರಿಗೆ ಮೊದಲು ನೆನಪಾಗುವುದು 1884ರಲ್ಲಿ ಮದರಾಸು ಪ್ರಾಂತ್ಯಕ್ಕೆಂದು ರೈವ್ಸ್ ಕೊಟ್ಟ ಸೂತ್ರ. ಜಲಾನಯನದ ವಿಸ್ತೀರ್ಣವನ್ನು ಮೂರನೇ ಎರಡರ ಘಾತಕ್ಕೇರಿಸಿ ಒಂದು ಗುಣಾಂಕದಿಂದ ಗುಣಿಸಿದರಾಯಿತು. ಗುಣಾಂಕ ಕರಾವಳಿಗೆ ಹತ್ತಿರವಾದರೆ 6.8, ಒಳನಾಡಿಗೆ 8.5, ಗುಡ್ಡದ ಸೆರಗಿನ ಸೀಮಿತ ಜಾಗಗಳಿಗೆ 10.2. ನಮ್ಮ ಹಳ್ಳಕ್ಕೆ ಹಾಕಿದರೆ ಸೆಕೆಂಡಿಗೆ ಕ್ರಮವಾಗಿ 17, 21, 26 ಘನ ಮೀಟರ್. ಬರೀ ಗುಣಾಂಕದ ಆಯ್ಕೆಯಲ್ಲೇ ಅರ್ಧದಷ್ಟು ಹೆಚ್ಚು ಕಡಿಮೆ! ಈ ಸೂತ್ರಕ್ಕೆ ಮಳೆ ಎಷ್ಟು ಬಿತ್ತು, ಮಣ್ಣು ಕಪ್ಪೋ ಕೆಂಪೋ, ನಡುವೆ ಕೆರೆ ಇದೆಯೋ ಇಲ್ಲವೋ ಯಾವುದೂ ಗೊತ್ತಿಲ್ಲ.

ಹಾಗಾದರೆ ಮಳೆಯಿಂದಲೇ ಹೊರಡೋಣ. ಐರ್ಲೆಂಡಿನ ಮಲ್ವನಿ 1851ರಲ್ಲಿ ಹೇಳಿದ ರ‍್ಯಾಷನಲ್ ವಿಧಾನ ಸರಳ: ಮಳೆಯ ರಭಸ, ನೆಲದ ವಿಸ್ತೀರ್ಣ, ಬಿದ್ದದ್ದರಲ್ಲಿ ಹರಿದುಹೋಗುವ ಪಾಲು, ಈ ಮೂರರ ಗುಣಲಬ್ಧ. ದಿನಕ್ಕೆ 100 ಮಿ.ಮೀ. ಮಳೆ ಎಂಬ ಅಂಕಿ ಮಾತ್ರ ಕೈಯಲ್ಲಿದ್ದರೆ ಗಂಟೆಯ ಮಳೆಗೆ ಇಳಿಸಲು ಹವಾಮಾನ ಇಲಾಖೆಯ ಘನಮೂಲದ ಸೂತ್ರವಿದೆ. ಅದು ಗಂಟೆಗೆ ಸುಮಾರು 35 ಮಿ.ಮೀ. ಎನ್ನುತ್ತದೆ. ಹೊಲದ ನೆಲ, ಶೇ 30 ಹರಿಯುತ್ತದೆ ಎಂದುಕೊಂಡರೆ ನಮ್ಮ ಹಳ್ಳಕ್ಕೆ 12 ಘನ ಮೀಟರ್. ಆದರೆ ಅಕ್ಟೋಬರಿನ ಸಂಜೆ ಮಳೆ ಇಪ್ಪತ್ನಾಲ್ಕು ಗಂಟೆಗೆ ಹಂಚಿಕೊಂಡು ಬೀಳುವುದಿಲ್ಲ. ಅದೇ 100 ಮಿ.ಮೀ. ಎರಡೇ ಗಂಟೆಯಲ್ಲಿ ಬಿದ್ದು, ಹಿಂದಿನ ದಿನವೇ ನೆಲ ನೆನೆದು ಅರ್ಧ ಪಾಲು ಹರಿದುಬಂದರೆ 28. ಒಂದು ಮೀಟರ್ ವ್ಯಾಸದ ಸಿಮೆಂಟ್ ಪೈಪು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ತುಂಬಿ ಹರಿದರೂ ಸಾಗಿಸುವುದು ಒಂದೂವರೆ ಘನ ಮೀಟರ್ ಚಿಲ್ಲರೆ. ಹನ್ನೆರಡಕ್ಕೆ ಎಂಟು ಪೈಪು ಬೇಕು, ಇಪ್ಪತ್ತೆಂಟಕ್ಕೆ ಹದಿನೆಂಟು. ಅಂದರೆ ಪೈಪಿನ ಮಾತು ಬಿಟ್ಟು ಬಾಕ್ಸ್ ಕಲ್ವರ್ಟ್ ಕಟ್ಟಬೇಕು. ರಸ್ತೆಯಲ್ಲಿ ಹೋಗುತ್ತಾ ಮೋರಿಗಳನ್ನು ಎಣಿಸುವ ಅಭ್ಯಾಸವಿದ್ದವರಿಗೆ ಗೊತ್ತು, ಇರುವುದು ಎರಡು ಪೈಪು.

ಎರಡೇ ಏಕೆ? ಎಂಜಿನಿಯರಿಗೆ ಲೆಕ್ಕ ಬಾರದೆಂದಲ್ಲ. ಅನುದಾನ ಇಂತಿಷ್ಟು ಎಂದು ಮೊದಲೇ ಬಂದಿರುತ್ತದೆ, ಇಲಾಖೆಯ ದರಪಟ್ಟಿ (ಎಸ್‌ಆರ್) ಹಿಡಿದು ಎಸ್ಟಿಮೇಟ್ ಅದಕ್ಕೆ ಹೊಂದುವಂತೆ ತಯಾರಾಗುತ್ತದೆ. ಹಣದ ಎಸ್ಟಿಮೇಟನ್ನು ಮೂರು ಮೇಜಿನಲ್ಲಿ ತಿದ್ದುತ್ತಾರೆ; ನೀರಿನ ಎಸ್ಟಿಮೇಟನ್ನು ಪಕ್ಕದ ಕಾಮಗಾರಿಯ ಕಡತದಿಂದ ನಕಲು ಮಾಡಿದರೂ ಕೇಳುವವರಿಲ್ಲ. ಗುತ್ತಿಗೆದಾರ, ಸದಸ್ಯ, ಆಡಿಟರ್ ಯಾರಿಗೂ ಅದು ಬೇಕಿಲ್ಲ. ಬೇಕಾಗುವುದು ಮೋರಿ ಕೊಚ್ಚಿಹೋದ ಮರುದಿನ. ಆಗ ನೆರೆ ಪರಿಹಾರದ ಲೆಕ್ಕದಲ್ಲಿ ಮತ್ತೆ ಅದೇ ಎರಡು ಪೈಪು.

ಈ ಹಳ್ಳಗಳ ಸ್ವಭಾವವೂ ಬದಲಾಗಿದೆ. ಕಬಿನಿ ಬಲದಂಡೆ ನಾಲೆ ಇಳಿಜಾರಿಗೆ ಅಡ್ಡಲಾಗಿ ಹೋದಲ್ಲೆಲ್ಲ ಹಳ್ಳದ ನೀರು ನಾಲೆಯ ಕೆಳಗೆ ನುಸುಳಿಯೋ ಮೇಲೆ ದಾಟಿಯೋ ಹೋಗಬೇಕು. ಆ ಕಿಂಡಿ ಹೂಳು ತುಂಬಿದರೆ ಮೇಲ್ಗಡೆಯ ಹೊಲವೇ ಕೆರೆ. ನಂಜನಗೂಡು, ತಾಂಡವಪುರ, ಕಡಕೊಳದ ಕಡೆ ಕಾರ್ಖಾನೆ ಶೆಡ್ಡು, ಕಾಂಕ್ರೀಟು ಅಂಗಳ ಬಂದಂತೆ ಶೇ 30 ಹರಿಯುತ್ತಿದ್ದ ನೆಲ ಶೇ 80 ಹರಿಸತೊಡಗುತ್ತದೆ. ಆದರೂ ಕೆಳಗಿನ ಮೋರಿ ಹಳೆಯದೇ. ಆಗಸ್ಟ್ 2022ರ ಕೊನೆಯ ವಾರ ರಾಮನಗರದ ಬಳಿ ಹೊಸ ಬೆಂಗಳೂರು–ಮೈಸೂರು ಹೆದ್ದಾರಿ ಹೊಳೆಯಾದದ್ದು, ವಾರದೊಳಗೆ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಸಾಫ್ಟ್‌ವೇರ್ ಮಂದಿಯನ್ನು ಹೊತ್ತು ಸಾಗಿದ್ದು ಇದೇ ಕಥೆಯ ದೊಡ್ಡ ರೂಪ. ಮೇಲಿನ ಕೆರೆ ತುಂಬಿದಾಗ ಕೋಡಿ ನೀರು ಎಲ್ಲಿಗೆ ಹೋಗಬೇಕು ಎಂದು ಕೇಳದೆ ಹೋದದ್ದರ ಫಲ ಅದು.

ಕಲಿಸುವವರು ಯಾರಿದ್ದಾರೆ? ದೇಶದ ಮಟ್ಟದಲ್ಲಿ ಪಟ್ಟಿ ಸಣ್ಣದಲ್ಲ. ರೂರ್ಕಿಯಲ್ಲಿ 1972ರಿಂದ ಜಲವಿಜ್ಞಾನದ ಅಂತರರಾಷ್ಟ್ರೀಯ ಕೋರ್ಸು, ಅಲ್ಲಿಯೇ 1978ರಲ್ಲಿ ಶುರುವಾದ ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ. ಅದರ ಪ್ರಾದೇಶಿಕ ಕೇಂದ್ರ ನಮ್ಮ ಬೆಳಗಾವಿಯಲ್ಲಿದೆ. ಪುಣೆಯ ರಾಷ್ಟ್ರೀಯ ಜಲ ಅಕಾಡೆಮಿ ಕೇಂದ್ರ ಜಲ ಆಯೋಗದ ಹೊಸ ಅಧಿಕಾರಿಗಳನ್ನು ತಯಾರು ಮಾಡುತ್ತದೆ. ಸುರತ್ಕಲ್ಲಿನ ಎನ್‌ಐಟಿಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಧಾರವಾಡದ ವಾಲ್ಮಿ ಇವೆ. ವಿಜ್ಞಾನ ಸಂಸ್ಥೆಯ ಪ್ರೊ. ಪಿ.ಪಿ. ಮುಜುಂದಾರ್ ಅವರ ತಂಡ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜೊತೆಗೂಡಿ ಬೆಂಗಳೂರಿಗೆ ನೆರೆ ಮುನ್ಸೂಚನೆಯ ಮಾದರಿ ಕಟ್ಟಿದ್ದು, 2020ರಲ್ಲಿ ‘ಮೇಘ ಸಂದೇಶ’ ಆ್ಯಪ್ ಬಂದದ್ದು ನಿಜವಾದ ಸಾಧನೆ. ಇವೆಲ್ಲ ಮೇಲಿನ ಮೆಟ್ಟಿಲು.

ಕೆಳಗಿನ ಮೆಟ್ಟಿಲಿಗೆ ಬಂದರೆ ಮೈಸೂರಿನಷ್ಟು ಅನುಕೂಲ ರಾಜ್ಯದಲ್ಲಿ ಬೇರೆಲ್ಲೂ ಇಲ್ಲ. ಕೃಷ್ಣರಾಜಸಾಗರದಲ್ಲಿ 1944ರಲ್ಲಿ ಸ್ಥಾಪನೆಯಾದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆ, ಅದರೊಳಗೇ ವಿಪತ್ತು ನಿರ್ವಹಣಾ ಕೇಂದ್ರ. ಪಂಚಾಯಿತಿಯವರಿಗೆ ಅಬ್ದುಲ್ ನಜೀರ್ ಸಾಬ್ ಸಂಸ್ಥೆ. ಪುರಸಭೆ–ನಗರಸಭೆಯವರಿಗೆ ರಾಜ್ಯ ನಗರಾಭಿವೃದ್ಧಿ ಸಂಸ್ಥೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ 1946ರ ಎನ್‌ಐಇ, 1963ರ ಎಸ್‌ಜೆಸಿಇ. ಈ ಎರಡನೆಯದನ್ನು ಕಟ್ಟಿದ ಮಠದ ಮೂಲ ನೆಲೆ ಸುತ್ತೂರು, ಕಬಿನಿ ಉಕ್ಕಿದಾಗ ಸೇತುವೆ ಮುಳುಗುವ ಅದೇ ಊರು. ಇಷ್ಟೆಲ್ಲ ಸಂಸ್ಥೆಗಳು ಹುಲ್ಲಹಳ್ಳಿಗೆ ಒಂದೆರಡು ಗಂಟೆಯ ದಾರಿಯಲ್ಲಿವೆ. ಆದರೆ ಒಂದೊಂದೂ ತನ್ನ ಇಲಾಖೆಯ ಬೇಲಿಯೊಳಗೆ. ವಿಪತ್ತಿನ ತರಬೇತಿಯಲ್ಲಿ ಗಂಜಿ ಕೇಂದ್ರ, ದೋಣಿ, ಪರಿಹಾರದ ಚೆಕ್ಕು. ಪಂಚಾಯಿತಿ ತರಬೇತಿಯಲ್ಲಿ ನರೇಗಾ, ಟೆಂಡರು, ಆಡಿಟು. ಕಾಲೇಜಿನಲ್ಲಿ ಜಲವಿಜ್ಞಾನ ಎಂದರೆ ಒಂದು ಸೆಮಿಸ್ಟರಿನ ಅರ್ಧ ಪುಸ್ತಕ. ಕಿರಿಯ ಎಂಜಿನಿಯರ್ (ಜೆಇ) ಆಗಿ ಸೇರಿದ ಹುಡುಗ ಮತ್ತೆ ಅದನ್ನು ತೆರೆಯುವುದು ಬಡ್ತಿ ಪರೀಕ್ಷೆ ಬಂದರೆ.

ಇತ್ತೀಚೆಗೆ ಅಲ್ಪಾವಧಿ ಕಾರ್ಯಾಗಾರಗಳು ಹೆಚ್ಚಾಗಿವೆ. ಮೂರು ದಿನ, ಐದು ದಿನ, ಕೊನೆಗೆ ಪ್ರಮಾಣಪತ್ರ, ಗ್ರೂಪ್ ಫೋಟೊ. ಹೆಕ್–ರಾಸ್, ಸ್ವಿಮ್‌ನಂಥ ತಂತ್ರಾಂಶಗಳು ಉಚಿತವಾಗಿ ಸಿಗುವುದರಿಂದ ಕಲಿಕೆ ಅವುಗಳ ಸುತ್ತ ತಿರುಗುತ್ತದೆ. ತಪ್ಪಲ್ಲ. ಆದರೆ ಅಮೆರಿಕದ ಯಾವುದೋ ತೊರೆಯ ಸಿದ್ಧ ಅಂಕಿಗಳ ಮೇಲೆ ಗುಂಡಿ ಒತ್ತಿ ನೀಲಿ ನಕ್ಷೆ ತೆಗೆದವರು ತಮ್ಮ ತಾಲ್ಲೂಕಿಗೆ ಬಂದಾಗ ಕೈಯಲ್ಲಿ ಹಳ್ಳದ ಅಡ್ಡ ಅಳತೆಯೂ ಇರುವುದಿಲ್ಲ, ಗಂಟೆಯ ಮಳೆಯೂ ಇರುವುದಿಲ್ಲ. ಹಾಗೆ ನೋಡಿದರೆ ಮಳೆಯ ಅಂಕಿ ಈಗ ಇದೆ. ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ದಿನದ ಮಳೆಯನ್ನು ಘನಮೂಲದ ಸೂತ್ರದಿಂದ ಗಂಟೆಗೆ ಇಳಿಸುವ ಕಸರತ್ತಿನ ಬದಲು ಹುಲ್ಲಹಳ್ಳಿ ಸುತ್ತಲಿನ ಮಾಪಕಗಳ ಹದಿನೈದು ನಿಮಿಷದ ದಾಖಲೆಯಿಂದಲೇ ಮಳೆ–ರಭಸದ ರೇಖೆ ಎಳೆಯಬಹುದು. ಅದನ್ನು ಮಾಡಲು ಕಲಿಸುವ ಒಂದು ದಿನ, ಐದು ದಿನದ ತಂತ್ರಾಂಶ ಪಾಠಕ್ಕಿಂತ ಹೆಚ್ಚು ಬಾಳುತ್ತದೆ.

ಮಧ್ಯಮ ಗಾತ್ರದ ಹಳ್ಳ–ತೊರೆಗಳಿಗೆ ಕೇಂದ್ರ ಜಲ ಆಯೋಗ, ರೈಲ್ವೆಯ ಸಂಶೋಧನಾ ವಿಭಾಗ, ಹವಾಮಾನ ಇಲಾಖೆ, ಸಾರಿಗೆ ಸಚಿವಾಲಯ ಸೇರಿ ದೇಶವನ್ನು ಉಪವಲಯಗಳಾಗಿ ವಿಂಗಡಿಸಿ ವರದಿಗಳನ್ನು ತಂದಿವೆ. ಕಾವೇರಿ ಕೊಳ್ಳ ಅದರಲ್ಲಿ 3(ಐ). ಶರ್ಮನ್ 1932ರಲ್ಲಿ ಕೊಟ್ಟ ಏಕಮಾನ ಹರಿವು ರೇಖೆಯ ತತ್ವವನ್ನು ಮಾಪನವಿಲ್ಲದ ತೊರೆಗಳಿಗೂ ಅನ್ವಯಿಸುವ ದಾರಿ ಅದರಲ್ಲಿದೆ. ರೈವ್ಸ್ ಸೂತ್ರಕ್ಕಿಂತ ಎಷ್ಟೋ ಮೇಲು. ಆದರೆ ಅದಕ್ಕೆ ಆಧಾರವಾದ ಅಳತೆಗಳು ಹಲವು ದಶಕ ಹಳೆಯವು. ಆಸ್ಟ್ರೇಲಿಯಾದಲ್ಲಿ ಇಂಥ ಕೈಪಿಡಿ 1958ರಲ್ಲಿ ಬಂತು. ಮತ್ತೆ ಮತ್ತೆ ಪರಿಷ್ಕರಿಸಿ 2019ರ ಆವೃತ್ತಿಯನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತೆ ಇಟ್ಟಿದ್ದಾರೆ. ಬ್ರಿಟನ್ 1975ರಲ್ಲಿ ಒಂದು, 1999ರಲ್ಲಿ ಇನ್ನೊಂದು ತಂದಿತು. ಅಲ್ಲಿ ತರಬೇತಿ ಆ ಕೈಪಿಡಿಗಳ ಬೆನ್ನಿಗೇ ನಡೆಯುತ್ತದೆ. ನಮ್ಮಲ್ಲಿ 2019ರಲ್ಲಿ ಮಳೆನೀರು ಚರಂಡಿಗಳ ರಾಷ್ಟ್ರೀಯ ಕೈಪಿಡಿ ಹೊಸದಾಗಿ ಬಂದಿದೆ. ನಂಜನಗೂಡಿನಂಥ ಪಟ್ಟಣದ ಎಂಜಿನಿಯರ ಮೇಜಿಗೆ ಅದು ಕನ್ನಡದಲ್ಲಿ, ಉದಾಹರಣೆ ಲೆಕ್ಕದ ಸಮೇತ ಬರಬೇಕು.

ಈ ವಿದ್ಯೆಗೆ ನಮ್ಮಲ್ಲಿ ಪರಂಪರೆ ಇಲ್ಲವೆಂದಲ್ಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹೈದರಾಬಾದು ಹೆಣಗಳ ಊರಾದಾಗ ನಿಜಾಮರು ಕರೆಸಿಕೊಂಡದ್ದು ವಿಶ್ವೇಶ್ವರಯ್ಯನವರನ್ನು. ಅವರು ಊರೊಳಗೆ ಗೋಡೆ ಕಟ್ಟಿಸುವುದಕ್ಕೆ ನಿಲ್ಲಲಿಲ್ಲ. ಮೇಲಿನ ಜಲಾನಯನ, ಅಲ್ಲಿ ಒಡೆದ ಕೆರೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಮೇಲ್ಗಡೆ ಜಲಾಶಯಗಳಾಗಬೇಕೆಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. ನಂಜನಗೂಡಿನಲ್ಲೇ ದಳವಾಯಿ ದೇವರಾಜಯ್ಯನ ಕಾಲದ, 1735ರ ಕಲ್ಲು ಸೇತುವೆ ಇದೆ. ಅದು 1924ರ ಮಹಾಪ್ರವಾಹವನ್ನೂ ಕಂಡು ನಿಂತಿದೆ. ಅದರ ಕಮಾನುಗಳ ಅಡಿ ಎಷ್ಟು ನೀರು ಹಾಯ್ದಿರಬಹುದೆಂದು ಅಳೆದು ಲೆಕ್ಕ ಹಾಕುವುದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪಾಠ ಬೇಕೆ? ಹಳೆಯ ನೆರೆಯ ಗುರುತಿನಿಂದ ಹರಿವನ್ನು ಹಿಂದಕ್ಕೆ ಕಟ್ಟುವ ವಿಧಾನ ಪಠ್ಯಪುಸ್ತಕದಲ್ಲಿದೆ. ಗುರುತು ತೋರಿಸಬಲ್ಲವರು ಊರಿನಲ್ಲಿದ್ದಾರೆ. ಯಾವ ವರ್ಷ ನೀರು ಯಾವ ಮೆಟ್ಟಿಲಿಗೆ ಬಂದಿತ್ತು, ಯಾವ ಕೆರೆಯ ಕೋಡಿಗೆ ಯಾರು ಕಲ್ಲಿಟ್ಟು ಎತ್ತರಿಸಿದರು ಎಂಬುದು ನೀರಗಂಟಿಗಳಿಗೂ ಹೊಳೆದಂಡೆಯ ಒಕ್ಕಲುಗಳಿಗೂ ಗೊತ್ತು. ಅವರನ್ನು ಕೇಳಿ ಬರೆದುಕೊಳ್ಳುವ ಪಾಠ ಮಾತ್ರ ಪಠ್ಯಕ್ರಮದಲ್ಲಿಲ್ಲ.

ಆದ್ದರಿಂದ ಮೈಸೂರಿನ ತರಬೇತಿ ಸಂಸ್ಥೆಗಳಿಗೂ ಕಾವೇರಿ ನೀರಾವರಿ ನಿಗಮಕ್ಕೂ ಒಂದು ಮನವಿ. ಮುಂದಿನ ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಒಂದು ವಾರದ ಶಿಬಿರವನ್ನು ಹುಲ್ಲಹಳ್ಳಿಯಲ್ಲೇ ನಡೆಸಿ. ನೀರಾವರಿ, ಲೋಕೋಪಯೋಗಿ, ಪಂಚಾಯತ್ ರಾಜ್, ನಗರಸಭೆ, ನಾಲ್ಕೂ ಕಡೆಯ ಜೆಇ–ಎಇಇಗಳನ್ನು ಒಂದೇ ಹಾಲಿನಲ್ಲಿ ಕೂರಿಸಿ. ನೀರಗಂಟಿಗಳನ್ನು ಅವರ ಪಕ್ಕದಲ್ಲಿ ಕೂರಿಸಿ. ಅಣೆಕಟ್ಟೆಯಿಂದ ಮಲ್ಲನಮೂಲೆವರೆಗೆ 2018 ಮತ್ತು 2019ರ ನೀರಿನ ಗುರುತುಗಳನ್ನು ಹುಡುಕಿ, ಲೆವೆಲ್ ಹಿಡಿದು ಕಲ್ಲು ನೆಡಿಸಿ. ಹೋಬಳಿಯ ಹತ್ತು ಹಳ್ಳ ಆಯ್ದು, ಪ್ರತಿಯೊಂದಕ್ಕೂ ಎಷ್ಟು ನೀರು, ಇರುವ ಮೋರಿ ಎಷ್ಟು ಸಾಗಿಸುತ್ತದೆ ಎಂದು ಬರೆದು ಆಯಾ ಪಂಚಾಯಿತಿಯ ಗೋಡೆಗೆ ಹಚ್ಚಿಸಿ. ಇನ್ನು ಮೇಲೆ ನೀರಿನ ಲೆಕ್ಕದ ಹಾಳೆ ಇಲ್ಲದ ಮೋರಿಯ ಎಸ್ಟಿಮೇಟಿಗೆ ಮಂಜೂರಾತಿ ಕೊಡಬೇಡಿ.